ಮಂಡಿ ನೋವು, ತಮ್ಮನ ಮದುವೆ, ಮತ್ತೆ ಓಟ: ನನ್ನ ಅನುಭವ

ಮಡಿಕೇರಿಯಲ್ಲಿ ಸಮತಟ್ಟು ರಸ್ತೆ ಹುಡುಕುವುದೇ ಕಷ್ಟ. ಮನೆಯಿಂದ ಹೊರಟರೆ ಒಂದೋ ಏರು, ಇಲ್ಲ ಇಳಿಜಾರು. ಏರಿನಲ್ಲಿ ಮೀನಖಂಡಕ್ಕೆ ಕೆಲಸ, ಇಳಿಜಾರಿನಲ್ಲಿ ತೊಡೆಗೂ ಮಂಡಿಗೂ. ನನಗೆ ನೋವು ಬಂದದ್ದು ಮಂಡಿಚಿಪ್ಪಿನ ಸುತ್ತ. ಮೆಟ್ಟಿಲು ಇಳಿಯುವಾಗ ಚುಚ್ಚುತ್ತಿತ್ತು. ಮೈಸೂರಿನ ಬಸ್ಸಿನಲ್ಲಿ ಮಂಡಿ ಮಡಚಿ ಕೂತು ಹೋದರೆ, ಇಳಿಯುವಾಗ ಕಾಲು ನೇರ ಮಾಡುವುದೇ ಸಾಹಸ. ಓಡುವವರಲ್ಲಿ ತುಂಬಾ ಸಾಮಾನ್ಯವಾದ ನೋವು ಇದು. ಓಟ ನಿಲ್ಲಿಸಿ ಚಿಕಿತ್ಸೆ ತಗೊಳ್ಳುತ್ತಿದ್ದಾಗಲೇ ತಮ್ಮನ ಮದುವೆ ನಿಶ್ಚಯವಾಯಿತು.

ಕೊಡವ ಮದುವೆ ನೋಡಿದವರಿಗೆ ಇದರಲ್ಲಿ ಮಂಡಿಗೆ ಏನು ಕೆಲಸ ಅಂತ ಗೊತ್ತು. ಗಂಗಾಪೂಜೆ ಮುಗಿಸಿ ಮದುಮಗಳು ಬಾವಿಯಿಂದ ನೀರು ಹೊತ್ತು ಬರುವಾಗ, ಗಂಡಿನ ಕಡೆಯವರು ಎದುರು ಕುಣಿದು ದಾರಿ ಕಟ್ಟುತ್ತಾರೆ. ವಾಲಗದವರು ಬಾರಿಸುತ್ತಲೇ ಇರುತ್ತಾರೆ. ಅವಳು ಒಂದೊಂದೇ ಹೆಜ್ಜೆ ಇಡಬೇಕು. ಸ್ವಲ್ಪ ದೂರಕ್ಕೇ ಗಂಟೆಗಟ್ಟಲೆ ಹಿಡಿಯುವುದೂ ಉಂಟು. ನಾವು ಮುಖ ಅವಳ ಕಡೆಗಿಟ್ಟು, ಮಂಡಿ ತುಸು ಬಗ್ಗಿಸಿ, ಕೈ ಎತ್ತಿ, ಹಿಂದೆ ಹಿಂದೆ ಸರಿಯುತ್ತಾ ಕುಣಿಯಬೇಕು. ಮದುಮಗನ ಅಕ್ಕ ಅಲ್ಲಿ ಕುರ್ಚಿ ಹಾಕಿ ಕೂರೋಕಾಗುತ್ತಾ? "ಅಕ್ಕಾ, ನೀನು ಮುಂದೆ ನಿಲ್ಲದಿದ್ದರೆ ಅವಳು ಹತ್ತೇ ನಿಮಿಷದಲ್ಲಿ ಒಳಗೆ ಬಂದುಬಿಡ್ತಾಳೆ" ಅಂದ ತಮ್ಮ. ಹಿಂದಿನ ರಾತ್ರಿಯ ಡಿಜೆಗೆ ಹಾಡು ಆರಿಸುವ ಕೆಲಸವನ್ನೂ ನನಗೇ ಕೊಟ್ಟ.

ಫಿಸಿಯೋಥೆರಪಿಸ್ಟ್ ಮೊದಲು ಹೇಳಿದ್ದು, ಅರ್ಧ ಗಂಟೆ ಬಿರುಸಾಗಿ ನಡೆದರೂ ನೋವು ಬರಬಾರದು, ಆಮೇಲೆ ಓಟ. ನೋವನ್ನು ಹತ್ತಕ್ಕೆ ಎಷ್ಟು ಅಂತ ಅಳೆಯಬೇಕು. ಮೂರರ ಒಳಗಿದ್ದು, ಮರುದಿನದ ಹೊತ್ತಿಗೆ ಇಳಿದರೆ ಮುಂದುವರಿಸಬಹುದು. ಅದಕ್ಕಿಂತ ಜಾಸ್ತಿಯಾದರೆ ಹಿಂದಿನ ಹಂತಕ್ಕೆ ಬರಬೇಕು. ಇದರ ಜೊತೆ ಗೋಡೆಗೆ ಒರಗಿ ಅರ್ಧ ಕೂರುವುದು, ಒಂದು ಮೆಟ್ಟಿಲಿನಿಂದ ನಿಧಾನವಾಗಿ ಒಂದೇ ಕಾಲಲ್ಲಿ ಇಳಿಯುವುದು, ಪಕ್ಕಕ್ಕೆ ಮಲಗಿ ಕಾಲು ಎತ್ತುವುದು. ಸೊಂಟದ ಪಕ್ಕದ ಸ್ನಾಯು ಸೋತರೆ ಮಂಡಿ ಒಳಕ್ಕೆ ವಾಲುತ್ತದೆ. ಕನ್ನಡಿ ಮುಂದೆ ಮೆಟ್ಟಿಲು ಇಳಿದರೆ ಅದು ಕಣ್ಣಿಗೇ ಕಾಣುತ್ತದೆ.

ನನಗೆ ನಿಜವಾಗಿ ದಾರಿ ತೋರಿಸಿದ್ದು ಅವರ ಇನ್ನೊಂದು ಮಾತು. ವೇಗ ಹೆಚ್ಚಿಸಬೇಡಿ, ನಿಮಿಷಕ್ಕೆ ಇಡುವ ಹೆಜ್ಜೆ ಮಾತ್ರ ಹೆಚ್ಚಿಸಿ ಅಂದರು. ಅದೇ ವೇಗದಲ್ಲಿ ಹೆಜ್ಜೆ ಶೇ. 5ರಿಂದ 10ರಷ್ಟು ಹೆಚ್ಚಾದರೆ ಹೆಜ್ಜೆಯ ಉದ್ದ ಕಮ್ಮಿಯಾಗುತ್ತದೆ. ಪಾದ ತುಂಬಾ ಮುಂದಕ್ಕೆ ಹೋಗದೆ ಮೈಯ ಕೆಳಗೇ ಬೀಳುತ್ತದೆ. ಮಂಡಿಯ ಮೇಲಿನ ಹೊರೆ ಇಳಿಯುತ್ತದೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ಎಣಿಸುವುದು ಸುಲಭ: ಬಲಗಾಲು ಅರ್ಧ ನಿಮಿಷದಲ್ಲಿ ಎಷ್ಟು ಸಲ ನೆಲ ಮುಟ್ಟಿತೋ ಅದನ್ನು ನಾಲ್ಕರಿಂದ ಗುಣಿಸಿ. ನನ್ನದು 158ರ ಆಸುಪಾಸಿನಲ್ಲಿತ್ತು. 170 ಗುರಿ ಇಟ್ಟುಕೊಂಡೆ.

ಹಾಡಿನ ಕೆಲಸ ಓಟಕ್ಕೆ ಅಂಟಿಕೊಂಡದ್ದು ಇಲ್ಲಿಂದ. ಡಿಜೆ ಪಟ್ಟಿಗೆ ಅಂತ ಕೇಳುತ್ತಿದ್ದ ಪ್ರತಿ ಹಾಡಿಗೂ ಅಡುಗೆಮನೆ ಕಟ್ಟೆ ಮೇಲೆ ಬೆರಳಲ್ಲಿ ತಾಳ ತಟ್ಟಿ, ಹದಿನೈದು ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸಿ ಪಕ್ಕದಲ್ಲಿ ಬರೆದೆ. ನಿಮಿಷಕ್ಕೆ 85 ಬಡಿತದ ಹಾಡಾದರೆ ಪ್ರತಿ ಬಡಿತಕ್ಕೂ ಬಲಗಾಲು ಬೀಳಬೇಕು, ಆಗ ಸರಿಯಾಗಿ 170 ಹೆಜ್ಜೆ. 115ರ ಆಸುಪಾಸಿನದು ಬಿರುಸು ನಡಿಗೆಗೆ. ಗುಂಪಾಗಿ ಕುಣಿಯುವ ಸಿನಿಮಾ ಹಾಡುಗಳು ಇಲ್ಲೇ ಜಾಸ್ತಿ ಸಿಕ್ಕವು.

ಅಭ್ಯಾಸಕ್ಕೆ ಸಮತಟ್ಟು ನೆಲ ಬೇಕಿತ್ತು. ಮಡಿಕೇರಿಯಲ್ಲಿ ಇದ್ದಾಗ ಜನರಲ್ ತಿಮ್ಮಯ್ಯ ಕ್ರೀಡಾಂಗಣ, ಪೊನ್ನಂಪೇಟೆಯ ತವರಿಗೆ ಹೋದಾಗ ಶಾಲೆ ಮೈದಾನ. ಅಲ್ಲಿ ತೋಟದ ರಸ್ತೆಯಲ್ಲಿ ಬೆಳಕು ಹರಿಯುವ ಮೊದಲು ಆನೆ ಭಯ, ಅದಕ್ಕೆ ಬಿಸಿಲು ಬಂದ ಮೇಲೆಯೇ ಹೊರಡುತ್ತಿದ್ದೆ. ಇಯರ್‌ಫೋನ್ ಒಂದೇ ಕಿವಿಗೆ. ಮೊದಲಿಗೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ದಿನ ಬಿಟ್ಟು ದಿನ. ನೋವು ಸುಮ್ಮನಿದ್ದರೆ ಓಟದ ಭಾಗ ಮೆಲ್ಲಗೆ ಹೆಚ್ಚಿಸಿದೆ. ಉಸಿರು ಬೇಗ ಮರಳಿ ಬರುತ್ತದೆ, ಮಂಡಿಗೆ ಅಷ್ಟು ಬೇಗ ಶಕ್ತಿ ಬರಲ್ಲ. ಮತ್ತೆ ಪೆಟ್ಟಾಗುವುದು ಹೆಚ್ಚಾಗಿ ಇದೇ ಅಂತರದಲ್ಲಿ. "ಇನ್ನೂ ಓಡಬಹುದು" ಅನ್ನಿಸುವಾಗಲೇ ನಿಲ್ಲಿಸುವುದನ್ನು ಕಲಿಯಬೇಕು.

ಡಿಜೆ ಪಟ್ಟಿಯನ್ನೂ ಹೀಗೇ ಜೋಡಿಸಿದೆ. ಮೂರು ಹಾಡು ಏರುತ್ತಾ ಹೋಗಬೇಕು, ನಾಲ್ಕನೆಯದು ನಿಧಾನ. ಆ ನಾಲ್ಕನೆಯದಕ್ಕೆ ತಾತಂದಿರು, ಅಜ್ಜಿಯರು, ಬಾಣಂತಿಯರು ಎದ್ದು ಬರುತ್ತಾರೆ, ನಾವು ನೀರು ಕುಡಿಯುತ್ತೇವೆ. ಬರೀ ಜೋರು ಹಾಡೇ ಹಾಕಿದ ಮದುವೆಗಳಲ್ಲಿ ಒಂದು ಗಂಟೆಯೊಳಗೆ ಅಂಗಳ ಖಾಲಿಯಾಗಿ ಹುಡುಗರು ಮಾತ್ರ ಉಳಿಯುವುದನ್ನು ನೋಡಿದ್ದೇನೆ. ಕುಪ್ಪಳಿಸುವ ಹಾಡು ಎರಡು ಒಟ್ಟಿಗೆ ಬರದ ಹಾಗೆ ನೋಡಿಕೊಂಡೆ. ಎಲ್ಲರಿಗೂ ಬಾಯಿಪಾಠ ಇರುವ ಹಳೆ ಕನ್ನಡ ಹಾಡು, ಕೊಡವ ಹಾಡು ಮಧ್ಯದಲ್ಲಿ. ಕೊನೆಗೆ ಎಲ್ಲರೂ ಕೈಹಿಡಿದು ಕುಣಿಯುವಂಥದ್ದು.

ವಾಲಗವನ್ನು ಮಾತ್ರ ಪಟ್ಟಿಗೆ ಹಾಕಲಿಲ್ಲ, ಓಡುವಾಗಲೂ ಕೇಳಲಿಲ್ಲ. ಅದು ಜೀವಂತ ಇರಬೇಕು. ಕೊಂಬು ವಾದ್ಯದ ದನಿ ಎದ್ದಂತೆ, ಜನ ಸೇರಿದಂತೆ ಬಾರಿಸುವವರ ಕೈ ಬಿರುಸಾಗುತ್ತದೆ, ಕಾಲು ತಾನಾಗೇ ಹಿಂದೆ ಓಡುತ್ತದೆ. ಗಾಯದಿಂದ ಏಳುತ್ತಿರುವ ಕಾಲಿಗೆ ಏರದ ತಾಳ ಬೇಕು. ಕುಣಿತಕ್ಕೆ ಬೇರೆಯೇ ತಯಾರಿ ಮಾಡಿದೆ: ಅಂಗಳದಲ್ಲಿ ಮಂಡಿ ತುಸು ಬಗ್ಗಿಸಿ ಹಿಂದಕ್ಕೆ ನಡೆಯುವುದು, ಮೊದಲು ಐದು ನಿಮಿಷ, ಆಮೇಲೆ ಇಪ್ಪತ್ತು. ತಿರುಗುವಾಗ ಪಾದ ನೆಲದಲ್ಲೇ ಇಟ್ಟು ಮಂಡಿ ತಿರುಚಬಾರದು, ಪಾದ ಎತ್ತಿ ಇಡಬೇಕು.

ಮದುವೆ ದಿನ ಎತ್ತರ ಹಿಮ್ಮಡಿ ಬಿಟ್ಟು ಚಪ್ಪಟೆ ಚಪ್ಪಲಿ ಹಾಕಿದೆ. ಮುಂದಿನ ಸಾಲಿನಲ್ಲಿ ಕುಣಿದು, ದಣಿವಾದಾಗ ಚಿಕ್ಕಪ್ಪನ ಮಕ್ಕಳನ್ನು ಮುಂದೆ ತಳ್ಳಿ ಹಿಂದಿನ ಸಾಲಿಗೆ ಸರಿದೆ, ಮತ್ತೆ ಮುಂದೆ ಬಂದೆ. ನಾದಿನಿ ಬಿಂದಿಗೆ ಅಲುಗದಂತೆ ನಿಂತು ನಮ್ಮನ್ನೇ ನೋಡಿ ನಗುತ್ತಿದ್ದಳು. ದಾರಿ ಬಿಡಲು ನಮಗೇನೂ ಅವಸರ ಇರಲಿಲ್ಲ. ಮರುದಿನ ಮಂಡಿ ನೋವು ಹತ್ತಕ್ಕೆ ಎರಡು, ಸಂಜೆಗೆ ಅದೂ ಇಲ್ಲ. ಆ ವಾರ ನಡಿಗೆ ಮಾತ್ರ.

ಇಳಿಜಾರನ್ನು ಎಲ್ಲಕ್ಕಿಂತ ಕೊನೆಗೆ ಸೇರಿಸಿದೆ. ಮೊದಲು ಏರಿನಲ್ಲಿ ಓಡಿ, ಇಳಿಯುವಾಗ ನಡೆದೆ. ಆಮೇಲೆ ಸಣ್ಣ ಇಳಿಜಾರು ಒಂದನ್ನು ಆರಿಸಿ, 85ರ ಹಾಡು ಹಾಕಿ, ಗಿಡ್ಡ ಹೆಜ್ಜೆಯಲ್ಲಿ ಓಡಿದೆ. ಈಗ ರಾಜಾಸೀಟ್ ಕಡೆಯ ರಸ್ತೆಯಲ್ಲಿ ಪೂರ್ತಿ ಇಳಿಯುತ್ತೇನೆ, ವಾರಕ್ಕೆ ಒಂದೇ ಸಲ. ಮಳೆಗಾಲದಲ್ಲಿ ರಸ್ತೆಯಂಚು ಪಾಚಿ ಕಟ್ಟುವುದರಿಂದ ಅದನ್ನೂ ಬಿಟ್ಟು ಮೈದಾನಕ್ಕೇ ಹೋಗುತ್ತೇನೆ.