ಸ್ವಂತ ಕಾರನ್ನು ಆ್ಯಪ್ ಮೂಲಕ ಬಾಡಿಗೆಗೆ ಕೊಡುವ ಮುನ್ನ ವಿಮೆಯ ಹೊಣೆಯನ್ನು ಪರಿಶೀಲಿಸುವುದು ಹೇಗೆ?

ಮನೆ ಮುಂದೆ ವಾರವಿಡೀ ನಿಂತೇ ಇರುವ ಕಾರನ್ನು ಆ್ಯಪ್ ಮೂಲಕ ಅಪರಿಚಿತರಿಗೆ ಓಡಿಸಲು ಕೊಟ್ಟು ಒಂದಿಷ್ಟು ಹಣ ಸಂಪಾದಿಸಬೇಕೆಂದಿರುವವರು ಮೊದಲು ತಮ್ಮ ವಿಮಾ ಪಾಲಿಸಿಯಲ್ಲಿ ‘ಲಿಮಿಟೇಷನ್ಸ್ ಆ್ಯಸ್ ಟು ಯೂಸ್’ (ಬಳಕೆಯ ಮಿತಿಗಳು) ಎಂಬ ಭಾಗವನ್ನು ಓದಬೇಕು. ಖಾಸಗಿ ಕಾರಿನ ಪಾಲಿಸಿಯು ಬಾಡಿಗೆ ಅಥವಾ ಪ್ರತಿಫಲಕ್ಕಾಗಿ ಮಾಡುವ ಬಳಕೆಯನ್ನು ಅಲ್ಲಿಯೇ ಹೊರಗಿಟ್ಟಿರುತ್ತದೆ. ಆದ್ದರಿಂದ ಬಾಡಿಗೆಯ ಅವಧಿಯಲ್ಲಿ ಅಪಘಾತವಾದರೆ ರಿಪೇರಿ ವೆಚ್ಚವನ್ನು ವಿಮಾ ಕಂಪನಿ ನಿರಾಕರಿಸಬಹುದು.

ರಿಪೇರಿಗಿಂತ ಭಾರವಾದದ್ದು ಥರ್ಡ್ ಪಾರ್ಟಿ ಹೊಣೆ, ಅಂದರೆ ನಿಮ್ಮ ಕಾರಿನಿಂದ ಬೇರೆಯವರಿಗೆ ಆದ ಹಾನಿಗೆ ಕೊಡಬೇಕಾದ ಪರಿಹಾರ. ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಈ ವಿಮೆಯನ್ನು ಕಡ್ಡಾಯಗೊಳಿಸಿದೆ. ಆದರೆ ಪರ್ಮಿಟ್ ಇಲ್ಲದ ವಾಹನವನ್ನು ಪಾಲಿಸಿಯ ಷರತ್ತು ಮೀರಿ ಬಾಡಿಗೆಗೆ ಓಡಿಸಲಾಗಿತ್ತೆಂದು ವಾದಿಸಿ ಹೊಣೆಯಿಂದ ತಪ್ಪಿಸಿಕೊಳ್ಳಲು 150ನೇ ಸೆಕ್ಷನ್ ವಿಮಾ ಕಂಪನಿಗೆ ಅವಕಾಶ ಕೊಡುತ್ತದೆ. ನ್ಯಾಯಾಲಯವು ಕಂಪನಿಯಿಂದಲೇ ಸಂತ್ರಸ್ತರಿಗೆ ಪರಿಹಾರ ಕೊಡಿಸಿ, ಆ ಮೊತ್ತವನ್ನು ಮಾಲೀಕರಿಂದ ವಸೂಲಿ ಮಾಡಿಕೊಳ್ಳುವಂತೆ ಹೇಳಿದ ಪ್ರಕರಣಗಳೂ ಇವೆ. ಮಾಲೀಕರೆಂದರೆ ಆರ್‌ಸಿಯಲ್ಲಿ ಹೆಸರಿರುವವರೇ ಎಂಬುದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ಸ್ಟೀರಿಂಗ್ ಯಾರ ಕೈಯಲ್ಲಿದ್ದರೂ ಹೊಣೆ ನಿಮ್ಮ ಮನೆ ಬಾಗಿಲಿಗೆ ಬರಬಹುದು ಎಂಬುದನ್ನು ಬಾಡಿಗೆಯ ಲೆಕ್ಕ ಹಾಕುವಾಗಲೇ ನೆನಪಿಡಬೇಕು.

ಎರಡನೆಯದಾಗಿ ನಂಬರ್ ಪ್ಲೇಟ್ ನೋಡಿಕೊಳ್ಳಿ. ಸೆಲ್ಫ್ ಡ್ರೈವ್ ಬಾಡಿಗೆ ಕಾರುಗಳಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರಗಳಿರಬೇಕು. ಇಂಥ ಬಾಡಿಗೆ ವ್ಯವಹಾರಕ್ಕೆ ಪರವಾನಗಿ ಕೊಡುವ 1989ರ ರೆಂಟ್ ಎ ಕ್ಯಾಬ್ ಯೋಜನೆಯಲ್ಲಿ ಪರವಾನಗಿ ಪಡೆಯಲು ಕನಿಷ್ಠ 50 ಕ್ಯಾಬ್‌ಗಳು ಬೇಕಾಗಿರುವುದರಿಂದ, ಒಂದೇ ಕಾರಿರುವ ಕುಟುಂಬಕ್ಕೆ ಆ ದಾರಿ ನೇರವಾಗಿ ತೆರೆದಿಲ್ಲ. ನಿಮ್ಮ ಕಾರು ಯಾರ ಪರವಾನಗಿಯ ಅಡಿಯಲ್ಲಿ ಓಡುತ್ತದೆ ಎಂಬುದಕ್ಕೆ ಆ್ಯಪ್ ಕಂಪನಿಯಿಂದ ಲಿಖಿತ ಉತ್ತರ ಪಡೆಯಿರಿ.

ಅದೇ ಪತ್ರದಲ್ಲಿ, ಹಾನಿಯಾದರೆ ರಕ್ಷಣೆ ಕೊಡುವುದಾಗಿ ಆ್ಯಪ್ ಕಂಪನಿ ಹೇಳುವ ‘ಪ್ರೊಟೆಕ್ಷನ್ ಪ್ಲ್ಯಾನ್’ ಬಗ್ಗೆಯೂ ಕೇಳಿ. ಅದು ವಿಮಾ ಕಂಪನಿ ಕೊಟ್ಟ ಪಾಲಿಸಿಯೋ ಅಥವಾ ಬರೀ ಒಪ್ಪಂದದ ಭರವಸೆಯೋ, ಥರ್ಡ್ ಪಾರ್ಟಿ ಹೊಣೆ ಅದರಲ್ಲಿ ಸೇರಿದೆಯೋ ಇಲ್ಲವೋ ಎಂಬುದು ತಿಳಿಯದೆ ಸಹಿ ಹಾಕಬಾರದು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು 2010ರಲ್ಲಿ ಅಂಗೀಕರಿಸಿ 2011ರಿಂದ ಜಾರಿಗೆ ತಂದ ಕಾನೂನು, ಖಾಸಗಿ ಕಾರನ್ನು ಹೀಗೆ ಇತರರಿಗೆ ಓಡಿಸಲು ಕೊಟ್ಟ ಅವಧಿಯಲ್ಲಿ ಮಾಲೀಕರ ಹೊಣೆಯನ್ನು ಈ ಕಾರು ಹಂಚಿಕೆ ನಡೆಸುವ ಸಂಸ್ಥೆಯ ಮೇಲೆ ಹೊರಿಸಿ, ರಾಜ್ಯದ ಕನಿಷ್ಠ ವಿಮಾ ಮಿತಿಯ ಮೂರು ಪಟ್ಟು ರಕ್ಷಣೆಯನ್ನು ಅದೇ ಒದಗಿಸಬೇಕೆಂದು ವಿಧಿಸಿತು. ನಮ್ಮಲ್ಲೂ ಇಂಥ ಸ್ಪಷ್ಟ ಗೆರೆ ಬೇಕೇ ಬೇಕು. ಅಲ್ಲಿಯವರೆಗೆ ಆ ಗೆರೆಯನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಬೇಕು.

ಮಾಲೀಕ-ಚಾಲಕರಿಗಿರುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಬಾಡಿಗೆದಾರರಿಗೆ ಅನ್ವಯಿಸುವುದಿಲ್ಲ. ಅವರ ರಕ್ಷಣೆಯನ್ನು ಪ್ರತ್ಯೇಕವಾಗಿ ವಿಚಾರಿಸಿ.

ಕೊನೆಯದಾಗಿ, ಕೀ ಕೊಡುವಾಗಲೂ ಮರಳಿ ಪಡೆಯುವಾಗಲೂ ಬಾಡಿಗೆದಾರರ ಡ್ರೈವಿಂಗ್ ಲೈಸೆನ್ಸ್, ಓಡೋಮೀಟರ್ ಹಾಗೂ ಕಾರಿನ ನಾಲ್ಕೂ ಬದಿಯ ಫೋಟೊಗಳನ್ನು ಸಮಯ ಕಾಣುವಂತೆ ತೆಗೆದಿಡಿ. ಅಪಘಾತ ನಡೆದ ಹೊತ್ತಿನಲ್ಲಿ ಕಾರು ಯಾರ ವಶದಲ್ಲಿತ್ತು ಎಂಬ ಪ್ರಶ್ನೆ ಎದ್ದಾಗ ನಿಮ್ಮ ಬಳಿ ಇರುವ ದಾಖಲೆ ಅದೇ.