ಜಿರಾಫೆಯ ನಾಲಿಗೆಗೆ ಕೆಲಸ ಬೇಕು

ಮೃಗಾಲಯದಲ್ಲಿ ಜಿರಾಫೆಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಎಷ್ಟು ಕೆ.ಜಿ. ಮೇವು ಹಾಕಿದೆ ಅನ್ನುವುದಕ್ಕಿಂತ, ಅದನ್ನು ಎಷ್ಟು ಹೊತ್ತು ತಿಂದವು ಅನ್ನುವುದನ್ನೇ ನಾನು ಜಾಸ್ತಿ ಗಮನಿಸುತ್ತೇನೆ.

ಆಫ್ರಿಕಾದ ಬಯಲಲ್ಲಿ ಜಿರಾಫೆಗೆ ಮೇಯುವುದೇ ದಿನದ ದೊಡ್ಡ ಕೆಲಸ. ಅಲ್ಲಿ ಅದಕ್ಕೆ ಇಷ್ಟದ ಮೇವು ಜಾಲಿ ಜಾತಿಯ ಮರಗಳ ಸೊಪ್ಪು. ಮುಳ್ಳಿನ ಸಂದಿಯಲ್ಲಿ ನಾಲಿಗೆ ತೂರಿಸಿ ಎಲೆ ಕೀಳಬೇಕು. ಕೆಲವು ಮರಗಳ ಉಬ್ಬಿದ ಮುಳ್ಳುಗಳಲ್ಲಿ ಇರುವೆಗಳು ಗೂಡು ಕಟ್ಟಿರುತ್ತವೆ. ಅವು ಮೈಮೇಲೆ ಬಂದರೆ ಜಿರಾಫೆ ಆ ಮರ ಬಿಟ್ಟು ಮುಂದಕ್ಕೆ ಹೋಗುತ್ತದೆ. ಹೀಗಾಗಿ ಅಲ್ಲಿ ಊಟ ತಾನಾಗೇ ನಿಧಾನವಾಗುತ್ತದೆ.

ನಮ್ಮಲ್ಲಿ ಮೇವನ್ನು ಕತ್ತರಿಸಿ ತೊಟ್ಟಿಗೆ ಸುರಿದರೆ ಬೇಗ ಖಾಲಿ. ಹೊಟ್ಟೆ ತುಂಬಿತು, ನಾಲಿಗೆಗೆ ಮಾತ್ರ ಕೆಲಸವಿಲ್ಲ. ಆಗ ಗೋಡೆ, ಕಂಬಿ, ಗೇಟು ನೆಕ್ಕುತ್ತಾ ನಿಲ್ಲುತ್ತವೆ. ನೋಡುವವರಿಗೆ ಅದು ಆಟ ಅನ್ನಿಸಬಹುದು. ನನಗಂತೂ ಸಂಕಟವಾಗುತ್ತದೆ.

ಅದಕ್ಕೇ ಸೊಪ್ಪನ್ನು ಬಿಡಿಸದೆ ಕೊಂಬೆ ಸಮೇತ ಕಟ್ಟುತ್ತೇನೆ. ಜಾಲಿ, ಅತ್ತಿ, ಹಲಸು, ಆಯಾ ಕಾಲಕ್ಕೆ ಸಿಕ್ಕಿದ್ದು. ದೊಡ್ಡ ಗಂಡಿಗೆ ಎತ್ತರದಲ್ಲಿ, ಮರಿಗೆ ತಗ್ಗಿನಲ್ಲಿ. ಕುದುರೆ ಮಸಾಲೆ ಅನ್ನುವ ಮೇವಿನ ಸೊಪ್ಪನ್ನು ಬಲೆಯೊಳಗೆ ತುಂಬಿ ತೂಗುಹಾಕುತ್ತೇನೆ. ಒಂದೊಂದೇ ಎಸಳು ಎಳೆದುಕೊಳ್ಳಲಿ ಅಂತ. ಕೊಂಬೆ ಕಟ್ಟಲು ಪ್ಲಾಸ್ಟಿಕ್ ಹಗ್ಗ ಮಾತ್ರ ಬೇಡವೇ ಬೇಡ. ಎಳೆ ಬಿಟ್ಟರೆ ಸೊಪ್ಪಿನ ಜೊತೆ ಹೊಟ್ಟೆಗೆ ಹೋಗುತ್ತದೆ.

ಹತ್ತಿರ ನಿಂತು ನೋಡಬೇಕು. 45ರಿಂದ 50 ಸೆಂ.ಮೀ. ಉದ್ದದ ನಾಲಿಗೆ, ತುದಿಯ ಕಡೆ ಕಪ್ಪು. ಅದು ರೆಂಬೆಯನ್ನು ಸುತ್ತಿ ಬಾಯಿಗೆ ಎಳೆದುಕೊಳ್ಳುತ್ತದೆ. ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲೇ ಇಲ್ಲ. ಕೆಳಗಿನ ಹಲ್ಲುಗಳ ಮೇಲೆ ರೆಂಬೆ ಇಟ್ಟು ತಲೆಯನ್ನು ಹಿಂದಕ್ಕೆ ಎಳೆದರೆ ಸಾಕು, ಬಾಚಣಿಗೆಯಲ್ಲಿ ಬಾಚಿದ ಹಾಗೆ ಎಲೆಗಳೆಲ್ಲ ಬಾಯಿಗೆ! ಎಲೆ ಮುಗಿದ ಮೇಲೆ ತೊಗಟೆ ಸುಲಿಯುತ್ತವೆ. ಅದಕ್ಕೇ ಬೋಳು ಕೊಂಬೆಗಳನ್ನು ನಾನು ಕೂಡಲೇ ತೆಗೆಯುವುದಿಲ್ಲ.

ಆಮೇಲೆ ಮೆಲುಕು. ಮೇವಿನ ಉಂಡೆ ಆ ಉದ್ದ ಕತ್ತಿನಲ್ಲಿ ಮೇಲೇರಿ ಬರುವುದು ಹೊರಗಿನಿಂದಲೇ ಕಾಣುತ್ತದೆ. ಮೆಲುಕು ನಿಂತರೆ ತಡಮಾಡದೆ ಡಾಕ್ಟರನ್ನು ಕರೆಯುತ್ತೇನೆ.

ಬಾಳೆಹಣ್ಣು ಕೊಡಬಹುದಾ ಅಂತ ಮಕ್ಕಳು ಕೇಳುತ್ತಾರೆ. ಪ್ರೀತಿಯಿಂದ ಕೇಳುವುದು, ಗೊತ್ತು. ಆದರೆ ಹಣ್ಣು, ಬ್ರೆಡ್ಡು, ಕಾಳು ಜಾಸ್ತಿಯಾದರೆ ಹೊಟ್ಟೆಯಲ್ಲಿ ಹುಳಿ ಏರಿ, ನಾರು ಕರಗಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆ. ಪ್ರಾಣಿ ಮೇವು ಬಿಡುತ್ತದೆ, ಜೀವಕ್ಕೇ ಕುತ್ತು ಬರಬಹುದು. ಹಾಗಾಗಿ ಬೇಡ ಕಂದಾ ಅಂತ ಹೇಳಿ, ಅದು ಸೊಪ್ಪು ಕೀಳುವುದನ್ನು ತೋರಿಸುತ್ತೇನೆ.