ಮೆಗಾಡೆತ್: ಯಾವ ಆಲ್ಬಂನಲ್ಲಿ ಯಾರು ನುಡಿಸಿದರು ಎಂದು ಚಾರ್ಟ್ ಹಾಕುವ ಕ್ರಮ

ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಗಾಡೆತ್ ಕೇಳಲು ಶುರುಮಾಡಿದವರು ಎಡವುವುದು ಹೆಸರುಗಳಲ್ಲಿ. 1983ರಿಂದ ಈಚೆಗೆ 17 ಸ್ಟುಡಿಯೋ ಆಲ್ಬಂ ಬಂದಿವೆ. ಅವುಗಳಲ್ಲಿ ಎಂಟು ಮಂದಿ ಡ್ರಮ್ಸ್ ನುಡಿಸಿದ್ದಾರೆ, ಎಂಟು ಮಂದಿ ಎರಡನೇ ಗಿಟಾರ್ ಹಿಡಿದಿದ್ದಾರೆ, ನಾಲ್ವರು ಬೇಸ್ ನುಡಿಸಿದ್ದಾರೆ. ಉದ್ದಕ್ಕೂ ಇರುವವರು ಹಾಡುಗಾರ, ಗಿಟಾರಿಸ್ಟ್ ಡೇವ್ ಮಸ್ಟೇನ್ ಒಬ್ಬರೇ. ಸದಸ್ಯರ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ, ಆದರೆ ಅದು ಯಾರು ಯಾವಾಗ ಸೇರಿದರು, ಯಾವಾಗ ಬಿಟ್ಟರು ಎನ್ನುವುದನ್ನಷ್ಟೇ ಹೇಳುತ್ತದೆ. ಈಗ ಕಿವಿಗೆ ಬೀಳುತ್ತಿರುವ ಸೋಲೊ (ಒಬ್ಬರೇ ಮುಂದೆ ಬಂದು ನುಡಿಸುವ ಭಾಗ) ಯಾರದು ಎಂದು ತಿಳಿಯಬೇಕಾದರೆ ಧ್ವನಿಮುದ್ರಣದ ಲೆಕ್ಕದಲ್ಲಿ ಬೇರೆಯೇ ಚಾರ್ಟ್ ಬೇಕು. ಅದನ್ನು ಒಂದು ಸಂಜೆಯಲ್ಲಿ ಮುಗಿಸಬಹುದು.

ಎರಡು ಗ್ರಾಫ್ ಶೀಟ್‌ಗಳನ್ನು ಅಡ್ಡಕ್ಕೆ ಇಟ್ಟು, ಪಕ್ಕಪಕ್ಕಕ್ಕೆ ಸೇರಿಸಿ ಹಿಂದಿನಿಂದ ಸೆಲ್ಲೋಟೇಪ್ ಹಚ್ಚಿ. ಒಂದು ವರ್ಷಕ್ಕೆ 6 ಮಿ.ಮೀ. ಕೊಡಿ. ಆಗ ಒಂದು ಮಿ.ಮೀ. ಎಂದರೆ ಎರಡು ತಿಂಗಳು. 1983ರಿಂದ 2026ರವರೆಗಿನ 44 ವರ್ಷಕ್ಕೆ 264 ಮಿ.ಮೀ. ಬೇಕು, ಎಡಗಡೆ ಹೆಸರು ಬರೆಯಲು ಧಾರಾಳ ಜಾಗ ಉಳಿಯುತ್ತದೆ. ಒಂದೇ ಶೀಟಿನಲ್ಲಿ ಹಿಡಿಸಲು ಹೋದರೆ 2002ರಿಂದ 2008ರವರೆಗಿನ ಗೆರೆಗಳು ಒಂದರ ಮೇಲೊಂದು ಬಿದ್ದು ಚಾರ್ಟ್ ಓದಲಾಗುವುದಿಲ್ಲ.

ಮೇಲೆ ಮಸ್ಟೇನ್ ಹೆಸರಿನಲ್ಲಿ ಒಂದು ಗೆರೆ ಎಳೆಯಿರಿ. ಅದರ ಕೆಳಗೆ 20 ಮಿ.ಮೀ. ಎತ್ತರದ ಮೂರು ಸಾಲುಗಳು: ಎರಡನೇ ಗಿಟಾರ್, ಬೇಸ್, ಡ್ರಮ್ಸ್. ‘ಲೀಡ್ ಗಿಟಾರ್’ ಎಂದು ಬರೆಯಬೇಡಿ. ಮಸ್ಟೇನ್ ಕೂಡ ಬೇಕಾದಷ್ಟು ಸೋಲೊ ನುಡಿಸುತ್ತಾರೆ. ಹಾಗೆ ಬರೆದರೆ ಅವರ ಸೋಲೊಗಳೆಲ್ಲ ಪಕ್ಕದವರ ಖಾತೆಗೆ ಹೋಗುತ್ತವೆ.

ಗೆರೆಗಳಲ್ಲಿ ಮೂರು ಬಗೆ ಇರಲಿ. ಸ್ಟುಡಿಯೋ ಆಲ್ಬಂನಲ್ಲಿ ನುಡಿಸಿದವರಿಗೆ ತುಂಬು ಗೆರೆ, ಬರೀ ಪ್ರವಾಸದಲ್ಲಿ ನುಡಿಸಿದವರಿಗೆ ತುಂಡು ಗೆರೆ, ಅತಿಥಿಗಳಿಗೆ ಚುಕ್ಕಿ. ಆಲ್ಬಂ ಬಿಡುಗಡೆಯಾದ ತಿಂಗಳಿಗೆ ಮೇಲಿನಿಂದ ಕೆಳಗಿನವರೆಗೆ ಕೆಂಪು ಗೆರೆ ಹಾಕಿ. ಆ ಗೆರೆ ಪ್ರತಿ ಸಾಲನ್ನು ದಾಟುವಲ್ಲಿ ನುಡಿಸಿದವರ ಹೆಸರು ಬರೆಯಿರಿ. ಹೆಸರಿಗೆ ಮನೆತನದ ಹೆಸರನ್ನೇ ಬಳಸಬೇಕು. ಈ ಬ್ಯಾಂಡಿನಲ್ಲಿ ಮೂವರು ಕ್ರಿಸ್ (ಪೋಲಂಡ್, ಬ್ರೊಡೆರಿಕ್, ಆಡ್ಲರ್), ಇಬ್ಬರು ಜೇಮ್ಸ್ (ಮ್ಯಾಕ್‌ಡೊನಾ, ಲೊಮೆಂಜೊ), ಇಬ್ಬರು ಜಿಮ್ಮಿ (ಡಿಗ್ರಾಸೊ, ಸ್ಲೋಸ್) ಇದ್ದಾರೆ. ಡ್ರೋವರ್ ಅಣ್ಣತಮ್ಮಂದಿರಿಗೆ ಮಾತ್ರ ಪೂರ್ತಿ ಹೆಸರು ಬೇಕು: ಗ್ಲೆನ್ ಗಿಟಾರ್, ಶಾನ್ ಡ್ರಮ್ಸ್.

ಈಗ ತುಂಬುವ ಕೆಲಸ. 1983ರ ಏಪ್ರಿಲ್‌ನಲ್ಲಿ ಆಗ ಮಸ್ಟೇನ್ ಗಿಟಾರ್ ನುಡಿಸುತ್ತಿದ್ದ ಮೆಟಾಲಿಕಾ ಬ್ಯಾಂಡ್ ಅವರನ್ನು ನ್ಯೂಯಾರ್ಕಿನಿಂದ ಬಸ್ಸು ಹತ್ತಿಸಿ ಕಳಿಸಿತು. ಅವರು ಲಾಸ್ ಏಂಜಲೀಸ್‌ಗೆ ಹಿಂತಿರುಗಿ ಬೇಸಿಸ್ಟ್ ಡೇವಿಡ್ ಎಲೆಫ್ಸನ್ ಜತೆ ಹೊಸ ಬ್ಯಾಂಡ್ ಕಟ್ಟಿದರು. ಮೊದಲ ಎರಡು ವರ್ಷ ಹಲವರು ಬಂದು ಹೋದರು. ಸ್ಲೇಯರ್ ಬ್ಯಾಂಡಿನ ಕೆರಿ ಕಿಂಗ್ 1984ರಲ್ಲಿ ಕೆಲವು ಪ್ರದರ್ಶನಗಳಿಗೆ ಗಿಟಾರ್ ನುಡಿಸಿದ್ದು ಈ ಹೊತ್ತಿನಲ್ಲೇ. ಅವರ ಹೆಸರಿಗೆ ಒಂದು ಚುಕ್ಕಿ ಸಾಕು. ಇಲ್ಲಿ ತಿಂಗಳು ತಿಂಗಳು ಹುಡುಕುತ್ತ ಕೂರಬೇಡಿ. ಚಾರ್ಟ್ ನಿಜವಾಗಿ ಶುರುವಾಗುವುದು 1985ರ ಜೂನ್‌ನ ಮೊದಲ ಕೆಂಪು ಗೆರೆಯಿಂದ.

ಆ ಗೆರೆ ‘ಕಿಲ್ಲಿಂಗ್ ಈಸ್ ಮೈ ಬಿಸಿನೆಸ್’ದು. ಅದಕ್ಕೂ 1986ರ ‘ಪೀಸ್ ಸೆಲ್ಸ್’ಗೂ ಕ್ರಿಸ್ ಪೋಲಂಡ್ ಮತ್ತು ಡ್ರಮ್ಮರ್ ಗಾರ್ ಸ್ಯಾಮ್ಯುಯೆಲ್ಸನ್ ಇದ್ದರು. ಇಬ್ಬರೂ ಜಾಝ್ ಫ್ಯೂಷನ್‌ನಿಂದ ಬಂದವರು. ಥ್ರ್ಯಾಷ್ (ಮೆಗಾಡೆತ್ ನುಡಿಸುವ ಮೆಟಲ್ ಪ್ರಕಾರ) ಎಂದರೆ ಬರೀ ವೇಗ ಎಂದುಕೊಂಡವರು ‘ಪೀಸ್ ಸೆಲ್ಸ್’ನಲ್ಲಿ ಬರೀ ಸ್ನೇರ್ (ಮುಖ್ಯ ಪೆಟ್ಟು ಬೀಳುವ ಡ್ರಮ್) ಮತ್ತು ಹೈ ಹ್ಯಾಟ್ (ಕಾಲಿನಿಂದ ಮುಚ್ಚಿ ತೆರೆಯುವ ಜೋಡಿ ತಾಳ) ಮೇಲೆ ಕಿವಿ ಇಟ್ಟು ಕೇಳಬೇಕು. ಪೆಟ್ಟುಗಳ ನಡುವಿನ ಸಣ್ಣ ಸಣ್ಣ ತೂಗಾಟ ಸ್ಯಾಮ್ಯುಯೆಲ್ಸನ್‌ರ ಗುರುತು. ಮುಂದೆ ಬಂದ ಯಾರಲ್ಲೂ ಅದು ಹಾಗೇ ಸಿಗುವುದಿಲ್ಲ.

1987ರಲ್ಲಿ ಇಬ್ಬರೂ ಹೊರಬಿದ್ದರು. 1988ರ ಜನವರಿಯ ‘ಸೋ ಫಾರ್, ಸೋ ಗುಡ್... ಸೋ ವಾಟ್’ನಲ್ಲಿ ಜೆಫ್ ಯಂಗ್ ಮತ್ತು ಚಕ್ ಬೆಹ್ಲರ್ ನುಡಿಸಿದರು. ಡ್ರಮ್ಸ್ ಸಾಲಿನಲ್ಲಿ ಇಲ್ಲಿ ಎರಡು ಬಾಣ ಹಾಕಿ. ಬೆಹ್ಲರ್ ಮೊದಲು ಸ್ಯಾಮ್ಯುಯೆಲ್ಸನ್‌ರ ಡ್ರಮ್ ಟೆಕ್ ಆಗಿದ್ದರು, ಅಂದರೆ ವಾದ್ಯ ಜೋಡಿಸಿ ಶ್ರುತಿ ಮಾಡುವವರು. ಬೆಹ್ಲರ್‌ರ ಡ್ರಮ್ ಟೆಕ್ ಆಗಿದ್ದ ನಿಕ್ ಮೆಂಜಾ 1989ರಲ್ಲಿ ಅವರದೇ ಕುರ್ಚಿಗೆ ಬಂದರು. ಹಾಡುಗಳೆಲ್ಲ ಮೊದಲೇ ಕೈಗೆ ಬಂದಿದ್ದ ವ್ಯಕ್ತಿ ವೇದಿಕೆಯ ಹಿಂದೆಯೇ ಸಿಕ್ಕಿದ್ದರು.

1990ರ ಆರಂಭದಲ್ಲಿ ಮಾರ್ಟಿ ಫ್ರೀಡ್ಮನ್ ಸೇರಿದರು. ಈ ನಾಲ್ವರ ಜೋಡಿ ನಾಲ್ಕು ಆಲ್ಬಂ ಬಾಳಿತು: ‘ರಸ್ಟ್ ಇನ್ ಪೀಸ್’ (1990), ‘ಕೌಂಟ್‌ಡೌನ್ ಟು ಎಕ್ಸ್‌ಟಿಂಕ್ಷನ್’ (1992), ‘ಯೂಥನೇಸಿಯಾ’ (1994), ‘ಕ್ರಿಪ್ಟಿಕ್ ರೈಟಿಂಗ್ಸ್’ (1997). ಇಡೀ ಚಾರ್ಟಿನಲ್ಲಿ ಇಷ್ಟು ದೂರ ಒಟ್ಟಿಗೆ ಹೋಗುವ ಗೆರೆಗಳು ಇವು ಮಾತ್ರ. ಮೆಗಾಡೆತ್ ಎಂದರೆ ಇದೇ ಎಂದು ಬಹಳ ಮಂದಿ ಹೇಳುವುದು ಸುಮ್ಮನೆ ಅಲ್ಲ. ಕಿವಿ ಪಳಗಿಸಿಕೊಳ್ಳಲು ‘ರಸ್ಟ್ ಇನ್ ಪೀಸ್’ ಒಂದೇ ಸಾಕು. ಮೊದಲು ‘ಡಾನ್ ಪಟ್ರೋಲ್’ ಹಾಕಿ. ಎರಡು ನಿಮಿಷವೂ ಇಲ್ಲದ ಈ ಹಾಡಿನಲ್ಲಿ ಬೇಸ್, ಡ್ರಮ್ಸ್, ದನಿ ಬಿಟ್ಟರೆ ಬೇರೇನಿಲ್ಲ. ಎಲೆಫ್ಸನ್ ಮತ್ತು ಮೆಂಜಾ ಹೇಗೆ ಕೇಳಿಸುತ್ತಾರೆ ಎಂಬುದು ಗಿಟಾರಿನ ಅಡ್ಡಿಯಿಲ್ಲದೆ ಸಿಗುತ್ತದೆ. ಆಮೇಲೆ ‘ಟೊರ್ನೇಡೊ ಆಫ್ ಸೋಲ್ಸ್’ನಲ್ಲಿ ಮೂರು ನಿಮಿಷ ದಾಟಿದ ಮೇಲೆ ಬರುವ ಸೋಲೊ: ಪೂರ್ತಿ ಫ್ರೀಡ್ಮನ್‌ರದು. ಸ್ವರವನ್ನು ಕೆಳಗಿನಿಂದ ಎಳೆದು ತಂದು, ಜಾಗಕ್ಕೆ ಮುಟ್ಟಿಸಿ, ಅಲ್ಲಿ ಅಲುಗಿಸುತ್ತಾರೆ. ಮಸ್ಟೇನ್‌ರ ಸೋಲೊ ಹೀಗಿರುವುದಿಲ್ಲ. ಅದು ಒರಟು, ಆತುರದ್ದು, ರಿಫ್‌ನ (ಮರಳಿ ಮರಳಿ ಬರುವ ಗಿಟಾರ್ ತುಣುಕು) ಮೈಮೇಲೆ ಹಾರಿ ಬೀಳುವಂಥದ್ದು. ‘ಹ್ಯಾಂಗರ್ 18’ರ ಉತ್ತರಾರ್ಧದಲ್ಲಿ ಇಬ್ಬರೂ ಸರದಿಯ ಮೇಲೆ ನುಡಿಸುತ್ತಾರೆ. ಸೋಲೊ ಬದಲಾದಾಗಲೆಲ್ಲ ಕಾಗದದ ಮೇಲೆ ‘ಮ’ ಅಥವಾ ‘ಫ್ರೀ’ ಎಂದು ಬರೆಯುತ್ತ ಹೋಗಿ. ಎರಡನೇ ಸಲ ಕೇಳಿ ಬರೆದಾಗಲೂ ಅದೇ ಸಾಲು ಬಂದರೆ ಕಿವಿ ಹದಕ್ಕೆ ಬಂದಿದೆ.

ಇಲ್ಲೇ ದೊಡ್ಡ ತಪ್ಪೂ ಆಗುತ್ತದೆ. 2004ರಲ್ಲಿ ‘ಪೀಸ್ ಸೆಲ್ಸ್’ನಿಂದ ‘ರಿಸ್ಕ್’ವರೆಗಿನ ಆಲ್ಬಂಗಳನ್ನು ಹೊಸದಾಗಿ ರೀಮಿಕ್ಸ್ ಮಾಡಿ ಹೊರತಂದರು. ರೀಮಾಸ್ಟರ್ ಎಂದರೆ ಮುಗಿದ ಮಿಕ್ಸಿನ (ಎಲ್ಲ ವಾದ್ಯಗಳನ್ನು ಬೆರೆಸಿದ ಧ್ವನಿಮುದ್ರಣ) ಒಟ್ಟು ದನಿಯನ್ನು ಸರಿಮಾಡುವುದು. ರೀಮಿಕ್ಸ್‌ನಲ್ಲಿ ಒಂದೊಂದು ವಾದ್ಯದ ಪ್ರಮಾಣವೇ ಬದಲಾಗುತ್ತದೆ. ‘ರಸ್ಟ್ ಇನ್ ಪೀಸ್’ನಲ್ಲಿ ಗಾಯನದ ಕೆಲವು ಭಾಗಗಳನ್ನು ಹೊಸದಾಗಿ ಹಾಡಿ ಸೇರಿಸಿದ್ದೂ ಇದೆ. ಸ್ಯಾಮ್ಯುಯೆಲ್ಸನ್‌ರನ್ನು ಮೂಲ ಮಿಕ್ಸಿನಲ್ಲೂ ಮೆಂಜಾರನ್ನು 2004ರ ಮಿಕ್ಸಿನಲ್ಲೂ ಕೇಳಿ ಹೋಲಿಸಿದರೆ, ಇಬ್ಬರ ಕೈಯಲ್ಲಿರುವ ವ್ಯತ್ಯಾಸ ಎಂದು ನೀವು ಬರೆದುಕೊಳ್ಳುವುದು ಮಿಕ್ಸಿಂಗ್ ಮಾಡಿದವರ ವ್ಯತ್ಯಾಸವಾಗಿರುತ್ತದೆ. ಗುರುತಿಸುವುದು ಸುಲಭ: ಮೂಲ ‘ರಸ್ಟ್ ಇನ್ ಪೀಸ್’ನಲ್ಲಿ 9 ಹಾಡು, 2004ರದ್ದರಲ್ಲಿ 13. ಕೊನೆಯ ಮೂರು ಡೆಮೊಗಳಲ್ಲಿ (ಆಲ್ಬಂಗೆ ಮೊದಲು ಮಾಡಿದ ಕರಡು ಧ್ವನಿಮುದ್ರಣ) ಎರಡನೇ ಗಿಟಾರ್ ಪೋಲಂಡ್‌ರದು, ಫ್ರೀಡ್ಮನ್ ಇನ್ನೂ ಬಂದಿರಲಿಲ್ಲ. ಒಂದೇ ಹಾಡನ್ನು ಇಬ್ಬರ ಕೈಯಲ್ಲೂ ಕೇಳುವ ಅವಕಾಶ ಇದು, ಬಿಡಬೇಡಿ.

1998ರಲ್ಲಿ ಮೊಣಕಾಲಿನ ತೊಂದರೆಯಿಂದ ಮೆಂಜಾ ಪ್ರವಾಸ ಬಿಡಬೇಕಾಯಿತು, ಡಿಗ್ರಾಸೊ ಬಂದರು. 1999ರ ‘ರಿಸ್ಕ್’ ಆದ ಮೇಲೆ, 2000ದ ಆರಂಭದಲ್ಲಿ ಫ್ರೀಡ್ಮನ್ ಹೋದರು. 2001ರ ‘ದಿ ವರ್ಲ್ಡ್ ನೀಡ್ಸ್ ಎ ಹೀರೋ’ದಲ್ಲಿ ಆಲ್ ಪಿಟ್ರೆಲ್ಲಿ ನುಡಿಸಿದರು. ಅದರಲ್ಲಿರುವ ‘ರಿಟರ್ನ್ ಟು ಹ್ಯಾಂಗರ್’ ಹಳೆಯ ಹಾಡಿನ ಮುಂದುವರಿಕೆ. ಎರಡನ್ನೂ ಬೆನ್ನಿಗೆ ಬೆನ್ನು ಹಾಕಿ ಕೇಳಿದರೆ ಡಿಗ್ರಾಸೊ ಮೆಂಜಾರಿಗಿಂತ ಎಲ್ಲಿ ಬೇರೆ ಎಂಬುದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

2002ರಿಂದ 2006 ಚಾರ್ಟಿನ ಅತಿ ಕಗ್ಗಂಟಿನ ಭಾಗ, ಇಲ್ಲಿ ಪೆನ್ಸಿಲ್ಲನ್ನೇ ಬಳಸಿ. 2002ರ ಜನವರಿಯಲ್ಲಿ ಮಸ್ಟೇನ್‌ರ ಎಡಗೈ ನರಕ್ಕೆ ಪೆಟ್ಟಾಗಿ ಗಿಟಾರ್ ಹಿಡಿಯಲಾಗಲಿಲ್ಲ. ಏಪ್ರಿಲ್‌ನಲ್ಲಿ ಬ್ಯಾಂಡ್ ಮುಚ್ಚಿದರು. ಮೇಲಿನ ಗೆರೆಯನ್ನೂ ಇಲ್ಲಿ ತುಂಡರಿಸಬೇಕು. 2004ರ ಸೆಪ್ಟೆಂಬರಿನ ‘ದಿ ಸಿಸ್ಟಮ್ ಹ್ಯಾಸ್ ಫೇಲ್ಡ್’ನಲ್ಲಿ ಪೋಲಂಡ್ ಮತ್ತೆ ಬಂದರು, ಆದರೆ ಕರೆಸಿದ ಕಲಾವಿದರಾಗಿ. ಬೇಸ್ ಜಿಮ್ಮಿ ಸ್ಲೋಸ್, ಡ್ರಮ್ಸ್ ವಿನ್ನಿ ಕೊಲಾಯುಟಾ. ಪ್ರವಾಸಕ್ಕೆ ಹೊರಟವರು ಇವರಲ್ಲಿ ಒಬ್ಬರೂ ಅಲ್ಲ. ಅಲ್ಲಿದ್ದವರು ಡ್ರೋವರ್ ಸೋದರರು ಮತ್ತು ಮ್ಯಾಕ್‌ಡೊನಾ. ತಾಲೀಮಿಗೆ ಬಂದ ಮೆಂಜಾ ಪ್ರವಾಸ ಶುರುವಾಗುವ ಮೊದಲೇ ವಾಪಸ್ ಹೋದರು, ಅವರಿಗೆ ಇಲ್ಲಿ ಗೆರೆ ಬೇಡ. ಮ್ಯಾಕ್‌ಡೊನಾ ಬ್ಯೂನಸ್ ಐರಿಸ್ ಲೈವ್ ರೆಕಾರ್ಡಿಂಗಿನಲ್ಲಿ ಇದ್ದಾರೆ, ಸ್ಟುಡಿಯೋ ಆಲ್ಬಂ ಒಂದರಲ್ಲೂ ಇಲ್ಲ. ಹಾಗಾಗಿ ಅವರದು ತುಂಡು ಗೆರೆ.

2006ರಲ್ಲಿ ಬೇಸ್‌ಗೆ ಲೊಮೆಂಜೊ ಬಂದರು. ‘ಯುನೈಟೆಡ್ ಅಬಾಮಿನೇಷನ್ಸ್’ (2007) ಆದ ಮೇಲೆ, 2008ರ ಆರಂಭದಲ್ಲಿ ಗ್ಲೆನ್ ಡ್ರೋವರ್ ಜಾಗಕ್ಕೆ ಬ್ರೊಡೆರಿಕ್ ಸೇರಿದರು. ಅದೇ ಮಾರ್ಚ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಗಾಡೆತ್ ನುಡಿಸಿತು. ಅಂದು ಅಲ್ಲಿ ನಿಂತವರು ಕಂಡದ್ದು ಮಸ್ಟೇನ್, ಬ್ರೊಡೆರಿಕ್, ಲೊಮೆಂಜೊ, ಶಾನ್ ಡ್ರೋವರ್. ಈ ನಾಲ್ವರು ಸೇರಿ ಮಾಡಿದ ಆಲ್ಬಂ ‘ಎಂಡ್‌ಗೇಮ್’ ಬಂದದ್ದು 2009ರ ಸೆಪ್ಟೆಂಬರಿನಲ್ಲಿ. ಆವತ್ತಿನ ಟಿಕೆಟ್ ಇಟ್ಟುಕೊಂಡವರು ಅದನ್ನು ಎರಡು ಕೆಂಪು ಗೆರೆಗಳ ನಡುವೆ ಅಂಟಿಸಬೇಕಾಗುತ್ತದೆ.

ಎಲೆಫ್ಸನ್ 2010ರ ಫೆಬ್ರವರಿಯಲ್ಲಿ ಮರಳಿದರು. ‘ಥರ್ಟೀನ್’ (2011), ‘ಸೂಪರ್ ಕೊಲೈಡರ್’ (2013) ಒಂದೇ ಜೋಡಿ. 2014ರ ನವೆಂಬರಿನಲ್ಲಿ ಬ್ರೊಡೆರಿಕ್ ಮತ್ತು ಶಾನ್ ಡ್ರೋವರ್ ಒಟ್ಟಿಗೆ ಬಿಟ್ಟರು. 2016ರ ಜನವರಿಯ ‘ಡಿಸ್ಟೋಪಿಯಾ’ದಲ್ಲಿ ಬ್ರೆಜಿಲ್‌ನ ಕೀಕೊ ಲೌರೇರೊ, ಮತ್ತು ಲ್ಯಾಂಬ್ ಆಫ್ ಗಾಡ್ ಬ್ಯಾಂಡಿನಲ್ಲೂ ಇದ್ದ ಡ್ರಮ್ಮರ್ ಆಡ್ಲರ್. ಅದರ ಶೀರ್ಷಿಕೆ ಹಾಡಿಗೆ 2017ರಲ್ಲಿ ಗ್ರ್ಯಾಮಿ ಬಂದಾಗ ಬ್ಯಾಂಡಿನ ಡ್ರಮ್ಮರ್ ಆಗಲೇ ಡರ್ಕ್ ವರ್ಬ್ಯೂರೆನ್. ಪ್ರಶಸ್ತಿಯ ಫೋಟೋ ನೋಡಿ ಚಾರ್ಟ್ ತುಂಬಬೇಡಿ.

2022ರ ‘ದಿ ಸಿಕ್, ದಿ ಡೈಯಿಂಗ್... ಆ್ಯಂಡ್ ದಿ ಡೆಡ್’ಗೂ ಇಂಥದೇ ಎಚ್ಚರ ಬೇಕು. ಎಲೆಫ್ಸನ್ ಬೇಸ್ ನುಡಿಸಿ ಮುಗಿಸಿದ್ದರು. 2021ರ ಮೇ ತಿಂಗಳಲ್ಲಿ ಅವರನ್ನು ಬ್ಯಾಂಡಿನಿಂದ ತೆಗೆದ ಮೇಲೆ ಅದನ್ನೆಲ್ಲ ಅಳಿಸಿ ಸ್ಟೀವ್ ಡಿ ಜಾರ್ಜಿಯೊ ಕೈಲಿ ಮತ್ತೆ ನುಡಿಸಿದರು. ಪ್ರವಾಸಕ್ಕೆ ಬಂದವರು ಲೊಮೆಂಜೊ. ಒಂದು ಆಲ್ಬಂ, ಮೂವರು ಬೇಸಿಸ್ಟ್‌ಗಳು, ಕೆಂಪು ಗೆರೆಯ ಮೇಲೆ ಹೆಸರು ಡಿ ಜಾರ್ಜಿಯೊದು ಮಾತ್ರ. 2023ರಲ್ಲಿ ಕೀಕೊ ಜಾಗಕ್ಕೆ ಫಿನ್ಲೆಂಡಿನ ಟೀಮು ಮಾಂಟೂಸಾರಿ ಬಂದರು. 2025ರ ಆಗಸ್ಟ್‌ನಲ್ಲಿ ಮಸ್ಟೇನ್ ಕೊನೆಯ ಆಲ್ಬಂ ಮತ್ತು ವಿದಾಯ ಪ್ರವಾಸ ಘೋಷಿಸಿದರು. ಬ್ಯಾಂಡಿನ ಹೆಸರನ್ನೇ ಹೊತ್ತ ಆ ಆಲ್ಬಂ 2026ರ ಜನವರಿಯಲ್ಲಿ ಬಂತು. ಅದರಲ್ಲಿ ಲೊಮೆಂಜೊ, ವರ್ಬ್ಯೂರೆನ್, ಮಾಂಟೂಸಾರಿ ಇದ್ದಾರೆ.

ಮುಗಿದ ಮೇಲೆ ತಾಳೆ ನೋಡಿ. ಪ್ರತಿ ಸಾಲಿನ ಮೊತ್ತ 17 ಬರಬೇಕು. ಡ್ರಮ್ಸ್: ಸ್ಯಾಮ್ಯುಯೆಲ್ಸನ್ 2, ಬೆಹ್ಲರ್ 1, ಮೆಂಜಾ 4, ಡಿಗ್ರಾಸೊ 2, ಕೊಲಾಯುಟಾ 1, ಶಾನ್ ಡ್ರೋವರ್ 4, ಆಡ್ಲರ್ 1, ವರ್ಬ್ಯೂರೆನ್ 2. ಎರಡನೇ ಗಿಟಾರ್: ಪೋಲಂಡ್ 3, ಯಂಗ್ 1, ಫ್ರೀಡ್ಮನ್ 5, ಪಿಟ್ರೆಲ್ಲಿ 1, ಗ್ಲೆನ್ ಡ್ರೋವರ್ 1, ಬ್ರೊಡೆರಿಕ್ 3, ಲೌರೇರೊ 2, ಮಾಂಟೂಸಾರಿ 1. ಬೇಸ್: ಎಲೆಫ್ಸನ್ 12, ಲೊಮೆಂಜೊ 3, ಸ್ಲೋಸ್ 1, ಡಿ ಜಾರ್ಜಿಯೊ 1. ಬೇರೆ ಬೇರೆ ನಾಲ್ವರ ಜೋಡಿಗಳನ್ನು ಎಣಿಸಿದರೆ 12 ಸಿಗಬೇಕು. 11 ಬಂದರೆ ಹೆಚ್ಚಿನಂಶ ನೀವು ‘ಕ್ರಿಪ್ಟಿಕ್ ರೈಟಿಂಗ್ಸ್’ ಮತ್ತು ‘ರಿಸ್ಕ್’ ಎರಡಕ್ಕೂ ಮೆಂಜಾರನ್ನೇ ಕೂರಿಸಿದ್ದೀರಿ. 1998ಕ್ಕೆ ಹಿಂತಿರುಗಿ ಅಲ್ಲಿಂದ ತಿದ್ದಿ.